ಸೇಫ್ಟಿ ಕಾರ್ ಬಂದಾಗ ಮುನ್ನಡೆ ಯಾರ ಪಾಲಿಗೆ?

ಪ್ರಶ್ನೆ: ತುಮಕೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿ ಓದುತ್ತಿದ್ದೇನೆ. ಕಳೆದ ವರ್ಷ ನಾವು ವಿದ್ಯಾರ್ಥಿಗಳೇ ಕಟ್ಟಿದ ಗೋ-ಕಾರ್ಟ್‌ಗಳ ಒಂದು ಗಂಟೆಯ ರೇಸ್ ನಡೆಸಿದೆವು. ನಲವತ್ತನೇ ನಿಮಿಷಕ್ಕೆ ಒಂದು ಕಾರ್ಟ್ ಟೈರುಗಳ ತಡೆಗೋಡೆಗೆ ನುಗ್ಗಿ ನಿಂತಿತು. ಉಳಿದವರನ್ನು ನಿಧಾನಗೊಳಿಸಿ, ಒಂದೇ ಸಾಲಿನಲ್ಲಿ ಓಡಿಸಿ, ಆಮೇಲೆ ಮತ್ತೆ ಬಿಟ್ಟೆವು. ಅಲ್ಲಿಯವರೆಗೆ ಅರ್ಧ ಸುತ್ತು ಮುಂದಿದ್ದ ತಂಡ ಕೊನೆಗೆ ಎರಡನೆಯದಾಯಿತು, ಆ ಜಗಳ ಇನ್ನೂ ಮುಗಿದಿಲ್ಲ. ಫಾರ್ಮುಲಾ ಒನ್‌ನಲ್ಲೂ ಹೀಗೇ ಆಗುವುದನ್ನು ಟಿವಿಯಲ್ಲಿ ನೋಡಿದ್ದೇವೆ. ಅಪಘಾತವಾದಾಗ ಟ್ರ್ಯಾಕಿಗೆ ಇಳಿದು ಎಲ್ಲರನ್ನೂ ತನ್ನ ಹಿಂದೆ ನಿಧಾನವಾಗಿ ಸಾಲುಗಟ್ಟಿಸುವ ಸೇಫ್ಟಿ ಕಾರ್‌ನ ನಿಯಮವೇ ಅನ್ಯಾಯವಲ್ಲವೇ? ಇದ್ದ ಅಂತರವನ್ನು ಉಳಿಸಿಕೊಂಡೇ ರೇಸ್ ಮತ್ತೆ ಆರಂಭಿಸಲು ಬರುವುದಿಲ್ಲವೇ? ಈ ವರ್ಷದ ನಿಯಮಾವಳಿಯಲ್ಲಿ ನಾವು ಏನೆಂದು ಬರೆಯಬೇಕು?

ಉತ್ತರ: ಆ ತಂಡದವರ ಸಿಟ್ಟು ನ್ಯಾಯವಾದದ್ದು. ಅರ್ಧ ಸುತ್ತಿನ ಮುನ್ನಡೆ ಎಂದರೆ ನಲವತ್ತು ನಿಮಿಷಗಳ ಕಾಲ ಒಂದೊಂದು ತಿರುವಿನಲ್ಲಿ ಒಂದಿಷ್ಟೊಂದಿಷ್ಟೇ ಕೂಡಿಟ್ಟ ಗಂಟು. ಬೇರೆ ಯಾರೋ ಮಾಡಿದ ತಪ್ಪಿಗೆ ಅವರು ಅದನ್ನು ಕಳೆದುಕೊಂಡರು. ಸೇಫ್ಟಿ ಕಾರ್ ಟ್ರ್ಯಾಕಿಗೆ ಇಳಿದಾಗಲೆಲ್ಲ ಒಬ್ಬರಿಂದ ಕಿತ್ತು ಇನ್ನೊಬ್ಬರಿಗೆ ಕೊಡುತ್ತದೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳೋಣ. ಆದರೆ ಅದು ಇಳಿಯುವುದು ಯಾರಿಗಾಗಿ ಎಂಬುದನ್ನು ನೋಡದೆ ನ್ಯಾಯದ ತಕ್ಕಡಿ ಹಿಡಿದರೆ ತೂಕ ತಪ್ಪಾಗುತ್ತದೆ.

ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್‌ನಲ್ಲಿ ನಾನು ಹಲವು ವರ್ಷ ಮಾರ್ಷಲ್ ಆಗಿ, ಅಂದರೆ ಬಾವುಟ ತೋರಿಸುವ, ಸಿಕ್ಕಿಬಿದ್ದ ಕಾರು ತೆಗೆಯುವ ಸ್ವಯಂಸೇವಕನಾಗಿ ನಿಂತಿದ್ದೇನೆ. ಒಂದು ಸುತ್ತು ಸುಮಾರು 3.7 ಕಿಲೋಮೀಟರ್. ಒಮ್ಮೆ ನಮ್ಮ ಪೋಸ್ಟಿನ ಮುಂದಿನ ತಿರುವಿನಲ್ಲಿ ಕಾರೊಂದು ಜಲ್ಲಿಗೆ ಇಳಿದು, ಹಿಂದಿನ ಚಕ್ರ ಹೂತು, ಮೂತಿಯನ್ನು ಡಾಂಬರಿನ ಅಂಚಿಗೆ ಚಾಚಿಕೊಂಡು ನಿಂತುಬಿಟ್ಟಿತು. ಹದಿನೆಂಟು ಕಾರುಗಳು ಓಡುತ್ತಿದ್ದವು, ಸುತ್ತಿಗೆ ಎರಡು ನಿಮಿಷದೊಳಗೇ ಬರುತ್ತಿದ್ದವು. ಅಂದರೆ ಸರಾಸರಿ ಆರು ಸೆಕೆಂಡಿಗೊಂದು ಕಾರು ನಮ್ಮ ಮುಂದೆ ಹಾದುಹೋಗುತ್ತಿತ್ತು. ಹಗ್ಗ ಹಿಡಿದು ಓಡಿ, ಕೊಕ್ಕೆ ಸಿಕ್ಕಿಸಿ, ತಡೆಗೋಡೆಯ ಹಿಂದಕ್ಕೆ ಮರಳುವ ಕೆಲಸ ಆರು ಸೆಕೆಂಡಿನಲ್ಲಿ ಆಗುವುದಿಲ್ಲ. ಸೇಫ್ಟಿ ಕಾರ್ ಹೊರಬಂತು. ಎರಡು ಸುತ್ತು ಕಳೆಯುವುದರೊಳಗೆ ಕಾರುಗಳೆಲ್ಲ ಅದರ ಬೆನ್ನಿಗೆ ಸಾಲುಗಟ್ಟಿದವು. ಸಾಲಿನ ಸದ್ದು ದೂರದಿಂದ ಒಟ್ಟಾಗಿ ಏರುತ್ತ ಬಂದು, ಇಪ್ಪತ್ತು ಸೆಕೆಂಡಿನಷ್ಟು ಹೊತ್ತು ನಮ್ಮೆದುರು ಹಾದು, ಹಾಗೆಯೇ ಇಳಿದುಹೋಯಿತು. ಆಮೇಲೆ ಟ್ರ್ಯಾಕ್ ನಿಶ್ಶಬ್ದ. ಪೋಸ್ಟಿನ ಹಿರಿಯರು ಸೀಟಿ ಊದಿದರು, ನಾಲ್ವರು ಇಳಿದೆವು. ಮುಂದಿನ ಬಾರಿ ಆ ಸದ್ದು ಕೇಳುವ ಮೊದಲು ನಮಗೆ ಒಂದೂವರೆ ನಿಮಿಷಕ್ಕೂ ಹೆಚ್ಚು ಸಮಯವಿತ್ತು.

ಸೇಫ್ಟಿ ಕಾರ್ ಕೊಡುವುದು ಆ ಒಂದೂವರೆ ನಿಮಿಷವನ್ನು. ಕಾರುಗಳನ್ನು ಒಟ್ಟುಗೂಡಿಸುವುದು ರೇಸನ್ನು ರೋಚಕಗೊಳಿಸಲಿಕ್ಕೆ ಎಂದು ಅನೇಕರು ಭಾವಿಸುತ್ತಾರೆ. ಅದು ಕೆಲಸ ಮಾಡುವವರಿಗೆ ಖಾಲಿ ಟ್ರ್ಯಾಕ್ ಒದಗಿಸುವ ವಿಧಾನ. ರೈಲ್ವೆ ಗೇಟ್ ಬಿದ್ದಾಗ ಅರ್ಧ ಕಿಲೋಮೀಟರ್ ಮುಂದಿದ್ದ ಕೆಂಪು ಬಸ್ಸೂ ಹಿಂದೆ ಬರುತ್ತಿದ್ದ ಬೈಕೂ ಗೇಟಿನ ಬಳಿ ಒಂದೇ ಸಾಲಿಗೆ ಸೇರುತ್ತವಲ್ಲ, ಹಾಗೆ ಇಲ್ಲೂ ಮುನ್ನಡೆ ಕರಗುತ್ತದೆ. ಅದು ಈ ವಿಧಾನದ ಉದ್ದೇಶವಲ್ಲ, ತೆರಬೇಕಾದ ಬೆಲೆ.

ಹಾಗಾದರೆ ಎಲ್ಲರನ್ನೂ ಇದ್ದಲ್ಲಿಯೇ ಒಂದೇ ಪ್ರಮಾಣದಲ್ಲಿ ನಿಧಾನಗೊಳಿಸಿದರೆ ಅಂತರ ಉಳಿಯುವುದಿಲ್ಲವೇ? ಉಳಿಯುತ್ತದೆ. ಅದೇ ವರ್ಚುವಲ್ ಸೇಫ್ಟಿ ಕಾರ್. 2014ರ ಜಪಾನ್ ಗ್ರ್ಯಾನ್ ಪ್ರಿಯಲ್ಲಿ ಮಳೆಯ ನಡುವೆ, ಅಪಾಯವಿದೆ ನಿಧಾನವಾಗಿ ಎಂದು ಎರಡು ಹಳದಿ ಬಾವುಟ ಬೀಸುತ್ತಿದ್ದ ಜಾಗದಲ್ಲೇ ಜೂಲ್ಸ್ ಬಿಯಾಂಕಿ ಅವರ ಕಾರು ಜಾರಿ, ಇನ್ನೊಂದು ಕಾರನ್ನು ಎತ್ತುತ್ತಿದ್ದ ಯಂತ್ರಕ್ಕೆ ಡಿಕ್ಕಿ ಹೊಡೆಯಿತು. ಮರುವರ್ಷ ಜುಲೈನಲ್ಲಿ ಅವರು ತೀರಿಕೊಂಡರು. ಹಳದಿ ಬಾವುಟಕ್ಕೆ ಎಷ್ಟು ನಿಧಾನವಾಗಬೇಕೆಂಬುದನ್ನು ಚಾಲಕನ ವಿವೇಚನೆಗೆ ಬಿಡುವುದು ಸಾಲದು ಎಂದು ಆಗ ಮನವರಿಕೆಯಾಗಿ, 2015ರಿಂದ ಈ ವ್ಯವಸ್ಥೆ ಬಂತು. ಚಾಲಕನ ಎದುರಿನ ಪರದೆಯಲ್ಲಿ ಒಂದು ಕನಿಷ್ಠ ಸಮಯ ಕಾಣುತ್ತದೆ, ಅದಕ್ಕಿಂತ ಬೇಗ ಹೋದರೆ ಶಿಕ್ಷೆ. ಅಂತರ ಬಹುಮಟ್ಟಿಗೆ ಇದ್ದಂತೆಯೇ ಇರುತ್ತದೆ. ಆದರೆ ಮಾರ್ಷಲ್‌ಗೆ ಖಾಲಿ ಟ್ರ್ಯಾಕ್ ಸಿಗುವುದಿಲ್ಲ: ನಿಧಾನವಾಗಿಯಾದರೂ ಕಾರುಗಳು ಒಂದರ ಹಿಂದೊಂದು ಬರುತ್ತಲೇ ಇರುತ್ತವೆ. ಅಂಚಿನಲ್ಲಿ ನಿಂತ ಕಾರನ್ನು ತಡೆಗೋಡೆಯ ಕಿಂಡಿಯೊಳಗೆ ತಳ್ಳಲು ಇದು ಸಾಕು, ಟ್ರ್ಯಾಕಿನ ಮೇಲೆ ಕ್ರೇನ್ ನಿಲ್ಲಿಸಲು ಸಾಲದು. 13 ಕಿಲೋಮೀಟರ್‌ಗೂ ಉದ್ದದ ಫ್ರಾನ್ಸಿನ ಲೆ ಮಾನ್ ಟ್ರ್ಯಾಕ್‌ನಲ್ಲಿ ಅಪಘಾತವಾದ ಭಾಗದಲ್ಲಷ್ಟೇ ವೇಗವನ್ನು ಗಂಟೆಗೆ 80 ಕಿಲೋಮೀಟರ್‌ಗೆ ಇಳಿಸುವ ಪದ್ಧತಿಯೂ ಇದೆ. ಉದ್ದನೆಯ ಟ್ರ್ಯಾಕಿಗೆ ಅದು ಬಲು ಒಳ್ಳೆಯದು.

ಎರಡನೆಯ ಅಸಮಾನತೆ ಪಿಟ್‌ನದು, ಅಂದರೆ ಟೈರ್ ಬದಲಿಸಲು ಕಾರುಗಳು ಹೋಗಿ ನಿಲ್ಲುವ ಟ್ರ್ಯಾಕ್ ಪಕ್ಕದ ಜಾಗದ್ದು. ಇದನ್ನು ಲೆಕ್ಕ ಹಾಕಿಯೇ ನೋಡಬೇಕು. ಪಿಟ್ ದಾರಿಯನ್ನು ಹೊಕ್ಕು, ಟೈರ್ ಬದಲಿಸಿಕೊಂಡು ಹೊರಬರಲು 25 ಸೆಕೆಂಡು ಬೇಕು, ಅಷ್ಟೇ ಉದ್ದವನ್ನು ಟ್ರ್ಯಾಕಿನಲ್ಲಿ ಪೂರ್ತಿ ವೇಗದಲ್ಲಿ ಹೋಗುವವನಿಗೆ 5 ಸೆಕೆಂಡು ಸಾಕು ಎಂದಿಟ್ಟುಕೊಳ್ಳಿ. ಪಿಟ್‌ಗೆ ಹೋದವನಿಗೆ 20 ಸೆಕೆಂಡು ನಷ್ಟ. ಸೇಫ್ಟಿ ಕಾರ್ ಬಂದು ಟ್ರ್ಯಾಕಿನಲ್ಲಿರುವವನಿಗೂ ಅದೇ ದೂರಕ್ಕೆ 12 ಸೆಕೆಂಡು ಹಿಡಿಯುವಂತಾದರೆ ನಷ್ಟ 13ಕ್ಕೆ ಇಳಿಯುತ್ತದೆ. ಟೈರ್ ಬದಲಿಸುವ ಕೆಲಸ ಅಷ್ಟೇ, ಬೆಲೆ ಮಾತ್ರ ಅಗ್ಗವಾಯಿತು. ಹಿಂದಿನ ಸುತ್ತಿನಲ್ಲಷ್ಟೇ ಪೂರ್ತಿ ಬೆಲೆ ಕೊಟ್ಟು ಬಂದವನಿಗೆ ಇದು ಉರಿಯುವುದು ಸಹಜ. ಅಂತರ ಉಳಿಸುವ ವರ್ಚುವಲ್ ವ್ಯವಸ್ಥೆಯಲ್ಲೂ ಈ ರಿಯಾಯಿತಿ ಇದ್ದೇ ಇದೆ: 2018ರ ಆಸ್ಟ್ರೇಲಿಯಾ ಗ್ರ್ಯಾನ್ ಪ್ರಿಯಲ್ಲಿ ಮುಂದಿದ್ದ ಹ್ಯಾಮಿಲ್ಟನ್ ಆಗಲೇ ಪಿಟ್ ಮುಗಿಸಿದ್ದರು, ಇನ್ನೂ ಮುಗಿಸದ ವೆಟಲ್ ಎಲ್ಲರೂ ನಿಧಾನವಾಗಿದ್ದ ಹೊತ್ತಿನಲ್ಲಿ ಒಳಹೋಗಿ ಅವರಿಗಿಂತ ಮುಂದೆ ಹೊರಬಂದು, ಗೆದ್ದರು.

ಈ ರಿಯಾಯಿತಿಯನ್ನು ಮುಚ್ಚಲು ಹೋದ ಕಥೆಯನ್ನು ನಿಯಮ ಬರೆಯುವ ನೀವು ತಿಳಿದಿರಬೇಕು. 2007ರಲ್ಲಿ ಫಾರ್ಮುಲಾ ಒನ್, ಸೇಫ್ಟಿ ಕಾರ್ ಬಂದ ಕೂಡಲೇ ಪಿಟ್ ದಾರಿಯನ್ನು ಮುಚ್ಚಿ, ಸಾಲು ಕೂಡಿದ ಮೇಲಷ್ಟೇ ತೆರೆಯುವ ನಿಯಮ ತಂದಿತು. ಮೇಲುನೋಟಕ್ಕೆ ಎಷ್ಟು ಸರಿ ಎನಿಸುತ್ತದೆ! ಆದರೆ ಆಗ ರೇಸಿನ ನಡುವೆ ಇಂಧನ ತುಂಬಿಸುತ್ತಿದ್ದರು. ಟ್ಯಾಂಕ್ ಬರಿದಾಗುತ್ತಿದ್ದವನು ಮುಚ್ಚಿದ ಪಿಟ್‌ಗೆ ಹೋದರೆ ಶಿಕ್ಷೆ, ಹೋಗದಿದ್ದರೆ ನಡುದಾರಿಯಲ್ಲಿ ನಿಲ್ಲಬೇಕು. 2008ರ ಸಿಂಗಪುರದಲ್ಲಿ ರೋಸ್‌ಬರ್ಗ್ ಮತ್ತು ಕುಬಿತ್ಸಾ ಹೀಗೆಯೇ ಸಿಕ್ಕಿಬಿದ್ದು ಶಿಕ್ಷೆ ತಿಂದರು. ಅದೇ ರೇಸಿನಲ್ಲಿ, ಹದಿನೈದನೆಯವರಾಗಿ ಹೊರಟು ಬಲು ಬೇಗ ಪಿಟ್ ಮುಗಿಸಿದ್ದ ಅಲೊನ್ಸೊ ಗೆದ್ದರು. ಸೇಫ್ಟಿ ಕಾರನ್ನು ಕರೆತಂದದ್ದು ಅವರದೇ ತಂಡದ ನೆಲ್ಸನ್ ಪಿಕೆ ಜೂನಿಯರ್ ಅವರ ಕಾರು ಗೋಡೆಗೆ ಬಡಿದದ್ದು. ಅದು ಬೇಕೆಂದೇ ಮಾಡಿದ್ದೆಂದು 2009ರಲ್ಲಿ ಬಯಲಾಯಿತು. ಸೇಫ್ಟಿ ಕಾರ್ ಯಾವ ಹೊತ್ತಿಗೆ ಬಂದರೆ ಯಾರಿಗೆ ಎಷ್ಟು ಲಾಭ ಎಂಬುದನ್ನು ನಿಯಮವೇ ನಿಖರವಾಗಿ ತಿಳಿಸಿಬಿಟ್ಟರೆ, ಅದನ್ನು ಬರಿಸುವ ಆಸೆಯೂ ಹುಟ್ಟುತ್ತದೆ. 2009ರಲ್ಲಿ ಪಿಟ್ ಮುಚ್ಚುವ ನಿಯಮವನ್ನು ಕೈಬಿಟ್ಟು, ಬದಲಿಗೆ ಕನಿಷ್ಠ ಸಮಯದ ಮಿತಿ ತಂದರು. ಅಮೆರಿಕದ ಇಂಡಿಕಾರ್ ರೇಸ್‌ಗಳಲ್ಲಿ ಪಿಟ್ ಮುಚ್ಚುವ ಪದ್ಧತಿ ಮುಂದುವರಿಯಿತು.

ಅಂತರವನ್ನು ಮರಳಿ ಕೊಡುವ ನಿಮ್ಮ ಯೋಚನೆಯನ್ನೂ ಹಿಂದೆ ಪ್ರಯೋಗಿಸಿದ್ದುಂಟು. ರೇಸ್ ನಿಲ್ಲಿಸುವ ಕೆಂಪು ಬಾವುಟದಿಂದ ಅದು ಎರಡು ತುಂಡಾದರೆ ಎರಡರ ಸಮಯವನ್ನೂ ಕೂಡಿಸಿ ಫಲಿತಾಂಶ ಹೇಳುತ್ತಿದ್ದರು. 1994ರ ಜಪಾನ್ ಗ್ರ್ಯಾನ್ ಪ್ರಿಯಲ್ಲಿ ಮಳೆಯಿಂದ ರೇಸ್ ನಿಂತು ಮತ್ತೆ ನಡೆದಾಗ, ಕೂಡಿಸಿದ ಸಮಯದಲ್ಲಿ ಡೇಮನ್ ಹಿಲ್ ಅವರು ಮೈಕೆಲ್ ಶೂಮಾಕರ್ ಅವರನ್ನು ಮೂರು ಸೆಕೆಂಡಿಗೆ ತುಸು ಹೆಚ್ಚಿನ ಅಂತರದಿಂದ ಸೋಲಿಸಿದರು. ಲೆಕ್ಕದ ದೃಷ್ಟಿಯಿಂದ ಇದಕ್ಕಿಂತ ನ್ಯಾಯವಾದದ್ದು ಬೇರೊಂದಿಲ್ಲ. ಆದರೆ ಕಣ್ಣಿಗೆ ಮುಂದೆ ಕಾಣುವ ಕಾರು ನಿಜಕ್ಕೂ ಮುಂದಿದೆಯೇ ಎಂಬುದು ಗ್ಯಾಲರಿಯಲ್ಲಿ ಕುಳಿತವನಿಗೆ ತಿಳಿಯುವುದಿಲ್ಲ. ಹಿಂದಿರುವವನು ತಾನು ಎಷ್ಟು ಹತ್ತಿರ ಹೋದರೆ ಸಾಕು ಎಂದು ರೇಡಿಯೊದಲ್ಲಿ ಕೇಳಿ ಓಡಿಸುತ್ತಾನೆ. ಫಾರ್ಮುಲಾ ಒನ್ ಅದನ್ನು ಬಿಟ್ಟುಕೊಟ್ಟು, ಮುಂದೆ ಕಂಡವನೇ ಮುಂದೆ ಎಂಬ ಸರಳತೆಯನ್ನು ಆರಿಸಿಕೊಂಡಿತು. ಆ ಆಯ್ಕೆ ಅವರಿಗೆ ಸರಿ. ನಿಮಗೂ ಅದೇ ಸರಿ ಎಂದೇನಿಲ್ಲ, ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಮುಂದಿರುವವನು ಯಾರು ಎಂಬುದೇ ಕೆಲವೊಮ್ಮೆ ಸುಲಭವಾಗಿ ಸಿಗುವ ಉತ್ತರವಲ್ಲ. ಫಾರ್ಮುಲಾ ಒನ್ ಮೊದಲ ಬಾರಿಗೆ ಸೇಫ್ಟಿ ಕಾರ್ ಬಳಸಿದ 1973ರ ಕೆನಡಾ ಗ್ರ್ಯಾನ್ ಪ್ರಿಯಲ್ಲಿ, ಮಳೆಯಿಂದಾಗಿ ಎಲ್ಲರೂ ಟೈರ್ ಬದಲಿಸಿ ಸುತ್ತಿನ ಲೆಕ್ಕ ಕಲಸಿಹೋಗಿತ್ತು. ಆ ಹಳದಿ ಪೋರ್ಷೆ ಮುಂದಿದ್ದವನನ್ನು ಬಿಟ್ಟು ಬೇರೊಬ್ಬನ ಮುಂದೆ ನಿಂತುಬಿಟ್ಟಿತು. ಗೆದ್ದವರು ಪೀಟರ್ ರೆವ್ಸನ್ ಎಂದು ಖಚಿತವಾಗಲು ಗಂಟೆಗಳೇ ಹಿಡಿದವು. ಐವತ್ತು ವರ್ಷಗಳ ನಂತರ, 2024ರ ಮಯಾಮಿಯಲ್ಲೂ, ಸೇಫ್ಟಿ ಕಾರ್ ಮುಂದಿದ್ದ ನಾರಿಸ್ ಅವರನ್ನು ಬಿಟ್ಟು ಮೊದಲು ವೆರ್‌ಸ್ಟಾಪನ್ ಅವರ ಮುಂದೆ ಸೇರಿಕೊಂಡಿತ್ತು.

ಈಗ 2021ರ ಡಿಸೆಂಬರ್ 12ಕ್ಕೆ ಬರೋಣ. ನೀವು ಟಿವಿಯಲ್ಲಿ ನೋಡಿದ್ದು ಬಹುಶಃ ಇದನ್ನೇ. ಅಬುಧಾಬಿಯಲ್ಲಿ 58 ಸುತ್ತುಗಳ ರೇಸಿನ 53ನೇ ಸುತ್ತಿನಲ್ಲಿ ಲತಿಫಿ ಅವರ ಕಾರು ಗೋಡೆಗೆ ಬಡಿಯಿತು. ಹ್ಯಾಮಿಲ್ಟನ್ ಎರಡನೆಯವರಾಗಿದ್ದ ವೆರ್‌ಸ್ಟಾಪನ್ ಅವರಿಗಿಂತ ಹನ್ನೊಂದು ಸೆಕೆಂಡಿಗೂ ಹೆಚ್ಚು ಮುಂದಿದ್ದರು, ಆದರೆ ಅವರ ಟೈರ್ ಬಹಳ ಹಳೆಯದಾಗಿತ್ತು. ಅವರು ಪಿಟ್‌ಗೆ ಹೋಗಿದ್ದರೆ ವೆರ್‌ಸ್ಟಾಪನ್ ಟ್ರ್ಯಾಕಿನಲ್ಲೇ ಉಳಿದು ಮುಂದಾಗುತ್ತಿದ್ದರು. ಅವರು ಹೋಗಲಿಲ್ಲ, ಆದ್ದರಿಂದ ವೆರ್‌ಸ್ಟಾಪನ್ ಹೋಗಿ ಹೊಸ ಮೆದು ಟೈರ್ ಹಾಕಿಸಿಕೊಂಡರು. ಇಲ್ಲಿಯವರೆಗೆ ಆದದ್ದೆಲ್ಲ ಎಲ್ಲರಿಗೂ ಮೊದಲೇ ಗೊತ್ತಿದ್ದ ನಿಯಮದೊಳಗಿನ ಅದೃಷ್ಟ ದುರದೃಷ್ಟ. ಇದರ ಬಗ್ಗೆ ನನಗೆ ತಕರಾರಿಲ್ಲ.

ತಕರಾರು ಇರುವುದು ಮುಂದಿನದರಲ್ಲಿ. ಇಬ್ಬರ ನಡುವೆ ಒಂದು ಸುತ್ತು ಹಿಂದೆ ಬಿದ್ದ ಐದು ಕಾರುಗಳಿದ್ದವು. ಅಂಥ ಕಾರುಗಳು ಸೇಫ್ಟಿ ಕಾರನ್ನು ದಾಟಿ ಮುಂದೆ ಸಾಗುವಂತಿಲ್ಲ ಎಂದು ಮೊದಲು ಸಂದೇಶ ಬಂತು. ಸ್ವಲ್ಪ ಹೊತ್ತಿಗೆ ಆ ಐದಕ್ಕೆ ಮಾತ್ರ ಸಾಗಲು ಅನುಮತಿ ಬಂತು, ಹಿಂದೆ ಬಿದ್ದ ಉಳಿದ ಕಾರುಗಳಿಗೆ ಬರಲಿಲ್ಲ. ಅವು ಸಾಗಿದ ಮೇಲೆ ಇನ್ನೊಂದು ಸುತ್ತು ಕಳೆದು ಸೇಫ್ಟಿ ಕಾರ್ ಒಳಹೋಗಬೇಕೆಂದು ನಿಯಮವಿತ್ತು, ಅದು ಅದೇ ಸುತ್ತಿನ ಕೊನೆಗೆ ಒಳಹೋಯಿತು. ಉಳಿದ ಒಂದೇ ಸುತ್ತಿನಲ್ಲಿ ವೆರ್‌ಸ್ಟಾಪನ್ ಐದನೇ ತಿರುವಿನಲ್ಲಿ ಮುಂದೆ ಹೋಗಿ ವಿಶ್ವ ಚಾಂಪಿಯನ್ ಆದರು. ಅವರು ಯಾವ ತಪ್ಪನ್ನೂ ಮಾಡಿರಲಿಲ್ಲ. ಆ ದಿನ ಅನ್ಯಾಯವಾದದ್ದು ಹ್ಯಾಮಿಲ್ಟನ್ ಅವರಿಗೊಬ್ಬರಿಗೇ ಅಲ್ಲ. ಮೂರನೆಯವರಾಗಿದ್ದ ಸೈನ್ಸ್ ಅವರ ಮುಂದಿನ ಕಾರುಗಳು ಹಾಗೆಯೇ ಉಳಿದವು; ಇಬ್ಬರಿಗೆ ಗುಡಿಸಿದ ದಾರಿಯನ್ನು ಮೂರನೆಯವರಿಗೆ ಗುಡಿಸಲಿಲ್ಲ. ನಿಯಮದ ಇಂಗ್ಲಿಷ್ ಪಠ್ಯದಲ್ಲಿದ್ದುದು ‘ಹಿಂದೆ ಬಿದ್ದ ಯಾವುದೇ ಕಾರುಗಳು’ ಎಂಬ ಅರ್ಥದ ಮಾತು. ಅದನ್ನು ‘ಕೆಲವು’ ಎಂದು ಓದಬಹುದೇ, ‘ಎಲ್ಲ’ ಎಂದೇ ಓದಬೇಕೇ ಎಂಬ ಒಂದು ಪದದ ಮೇಲೆ ಚಾಂಪಿಯನ್‌ಶಿಪ್ ನಿಂತಿತ್ತು. ರೇಸಿನ ತೀರ್ಪುಗಾರರಾದ ಸ್ಟೂವರ್ಡ್‌ಗಳು ಹ್ಯಾಮಿಲ್ಟನ್ ಅವರ ಮರ್ಸಿಡೀಸ್ ತಂಡದ ದೂರನ್ನು ತಳ್ಳಿಹಾಕಿದರು. 2022ರಲ್ಲಿ ಈ ನಿರ್ಧಾರಗಳನ್ನು ತೆಗೆದುಕೊಳ್ಳುವ ರೇಸ್ ಡೈರೆಕ್ಟರ್ ಬದಲಾದರು. ಈ ಕ್ರೀಡೆಯ ಆಡಳಿತ ಸಂಸ್ಥೆಯಾದ ಎಫ್ಐಎಯ ಮಾರ್ಚ್ ತಿಂಗಳ ವರದಿ ಅದನ್ನು ಮಾನವ ದೋಷ ಎಂದು ಕರೆಯಿತು, ಫಲಿತಾಂಶವನ್ನು ಹಾಗೆಯೇ ಉಳಿಸಿತು. ನಿಯಮದ ಆ ಪದ ‘ಎಲ್ಲ’ ಎಂದಾಯಿತು.

ನಾನು ಹೇಳಬೇಕೆಂದಿರುವುದು ಇಷ್ಟನ್ನೇ: ಯಾರಿಂದಲೂ ಏನನ್ನೂ ಕಿತ್ತುಕೊಳ್ಳದ ನಿಯಮ ಸಿಗುವುದಿಲ್ಲ, ಆದರೆ ಯಾರಿಂದ ಕಿತ್ತುಕೊಳ್ಳುತ್ತಿದ್ದೇವೆಂದು ಕಣ್ಣೆದುರು ಕಾಣುತ್ತಿರುವಾಗ ನಿಯಮವನ್ನು ಆರಿಸಿಕೊಳ್ಳಬಾರದು. 2022ರ ಇಟಲಿ ಗ್ರ್ಯಾನ್ ಪ್ರಿ ಸೇಫ್ಟಿ ಕಾರಿನ ಹಿಂದೆಯೇ ಮುಗಿಯಿತು. ಪ್ರೇಕ್ಷಕರು ಕೂಗಿ ಅಸಮಾಧಾನ ತೋರಿಸಿದರು. ನೋಡಲು ಬೇಸರದ ಕೊನೆಯೇ ಸರಿ, ಆದರೆ ಅಲ್ಲಿ ಯಾರಿಗೂ ಅನ್ಯಾಯವಾಗಲಿಲ್ಲ.

ಮೊದಲೇ ಬರೆದಿಟ್ಟ ನಿಯಮವೂ ಕೆಟ್ಟದಾಗಿರಬಹುದಲ್ಲವೇ ಎಂದು ನೀವು ಕೇಳಬಹುದು. ಖಂಡಿತ ಇರಬಹುದು. 1992ರ ಕ್ರಿಕೆಟ್ ವಿಶ್ವಕಪ್ ಸೆಮಿಫೈನಲ್ ನೆನಪಿಸಿಕೊಳ್ಳಿ: 13 ಎಸೆತಗಳಲ್ಲಿ 22 ರನ್ ಬೇಕಿದ್ದ ದಕ್ಷಿಣ ಆಫ್ರಿಕಾಕ್ಕೆ ಮಳೆ ನಿಂತ ಮೇಲೆ ಉಳಿದದ್ದು ಒಂದೇ ಎಸೆತ, ಗುರಿ ಮಾತ್ರ ಹೆಚ್ಚುಕಡಿಮೆ ಅಷ್ಟೇ. ಆ ನಿಯಮ ಟೂರ್ನಿಗೆ ಮೊದಲೇ ಬರೆದದ್ದಾಗಿತ್ತು, ಆದರೂ ನೋಡಿದವರಿಗೆಲ್ಲ ಸಂಕಟವಾಯಿತು. ಅಂದು ಅಂಪೈರ್‌ಗಳು ಕನಿಕರದಿಂದ ಆರು ಎಸೆತ ಕೊಟ್ಟುಬಿಟ್ಟಿದ್ದರೆ ಇಂಗ್ಲೆಂಡಿಗೆ ಏನೆಂದು ಉತ್ತರ ಹೇಳುತ್ತಿದ್ದರು? ಅವರು ನಿಯಮದಂತೆ ಪಂದ್ಯ ಮುಗಿಸಿದರು, ಆಮೇಲೆ ಆಡಳಿತದವರು ಕುಳಿತು ನಿಯಮ ಬದಲಿಸಿದರು; 1997ರಿಂದ ಡಕ್ವರ್ತ್–ಲೂಯಿಸ್ ಲೆಕ್ಕ ಬಂತು. ಕೆಟ್ಟ ನಿಯಮವನ್ನು ತಿದ್ದುವ ಜಾಗ ಎರಡು ಪಂದ್ಯಗಳ ನಡುವಿನ ಬಿಡುವು.

ಮರು ಆರಂಭದ ಕ್ಷಣದಲ್ಲೂ ಒಂದು ಸೂಕ್ಷ್ಮವಿದೆ. ಸೇಫ್ಟಿ ಕಾರ್ ತನ್ನ ದೀಪ ಆರಿಸಿದ ಮೇಲೆ ಸಾಲಿನ ವೇಗ ಮುಂದಿರುವವನ ಕೈಗೆ ಬರುತ್ತದೆ. ಎಲ್ಲಿ ವೇಗ ಹೆಚ್ಚಿಸಬೇಕೆಂದು ಅವನೇ ನಿರ್ಧರಿಸುತ್ತಾನೆ, ಗೆರೆ ದಾಟುವವರೆಗೆ ಹಿಂದಿನವರು ಮುಂದೆ ಹೋಗುವಂತಿಲ್ಲ. ಕಳೆದುಕೊಂಡ ಮುನ್ನಡೆಗೆ ಪ್ರತಿಯಾಗಿ ಸಿಗುವ ಪುಟ್ಟ ಪರಿಹಾರ ಇದು, ನನ್ನ ದೃಷ್ಟಿಯಲ್ಲಿ ಸರಿಯಾದದ್ದು. ಆದರೆ ಸಾಲಿನ ಹಿಂದಿರುವವರಿಗೆ ಇದು ಅಪಾಯ. ಸಿಗ್ನಲ್ ಹಸಿರಾದಾಗ ಮೊದಲ ವಾಹನ ಹೊರಟರೂ ಹತ್ತನೆಯದು ಇನ್ನೂ ನಿಂತೇ ಇರುತ್ತದಲ್ಲ. ಸಾಲು ಹಿಗ್ಗುತ್ತದೆ, ಕುಗ್ಗುತ್ತದೆ. 2020ರಲ್ಲಿ ಇಟಲಿಯ ಮುಜೆಲ್ಲೊ ಟ್ರ್ಯಾಕಿನ ಉದ್ದನೆಯ ನೇರ ಹಾದಿಯಲ್ಲಿ ಮುಂದಿದ್ದ ಬೊಟಾಸ್ ತಮ್ಮ ಹಕ್ಕಿನಂತೆಯೇ ಗೆರೆಯವರೆಗೂ ನಿಧಾನವಾಗಿ ಸಾಗಿದರು. ಹಿಂದಿನವರು ಹೊರಟೇಬಿಟ್ಟರೆಂದು ಭಾವಿಸಿ ವೇಗ ಹೆಚ್ಚಿಸಿ, ಕುಗ್ಗಿದ ಸಾಲಿಗೆ ಹೋಗಿ ಅಪ್ಪಳಿಸಿದರು. ಸ್ಟೂವರ್ಡ್‌ಗಳು ಹನ್ನೆರಡು ಚಾಲಕರಿಗೆ ಎಚ್ಚರಿಕೆ ಕೊಟ್ಟರು, ಬೊಟಾಸ್ ಅವರನ್ನು ದೂಷಿಸಲಿಲ್ಲ.

ಕೆಂಪು ಬಾವುಟದ ಹೊತ್ತಿನಲ್ಲಿ ಟೈರ್ ಬದಲಿಸಲು ಬಿಡುವುದನ್ನು ಮಾತ್ರ ನಾನು ಒಪ್ಪಲಾರೆ. ಸೇಫ್ಟಿ ಕಾರ್ ಬೆಲೆಯನ್ನು ಇಳಿಸುತ್ತದೆ, ಕೆಂಪು ಬಾವುಟ ಪೂರ್ತಿ ಪುಕ್ಕಟೆ ಮಾಡುತ್ತದೆ. 2020ರ ಮಾಂಜಾದಲ್ಲಿ ಸ್ಟ್ರೋಲ್ ಅವರಿಗೂ 2021ರ ಜೆಡ್ಡಾದಲ್ಲಿ ವೆರ್‌ಸ್ಟಾಪನ್ ಅವರಿಗೂ ಹಾಗೆ ಸಿಕ್ಕಿತು. ಹರಿದ ಟೈರನ್ನು ಬದಲಿಸಲಿ, ಉಳಿದದ್ದನ್ನು ಮುಟ್ಟಬಾರದು ಎಂಬುದು ನನ್ನ ಅಭಿಪ್ರಾಯ.

ಇನ್ನು ನಿಮ್ಮ ಸ್ಪರ್ಧೆ. ಚಿಕ್ಕ ಟ್ರ್ಯಾಕಿನಲ್ಲಿ ಕಾರ್ಟ್‌ಗಳನ್ನು ಸಾಲುಗಟ್ಟಿಸಿದರೂ ನಿಮ್ಮ ಸ್ವಯಂಸೇವಕರಿಗೆ ಹೆಚ್ಚು ಖಾಲಿ ಸಮಯ ಸಿಗುವುದಿಲ್ಲ; ಸಾಲಿನ ತಲೆ ಬಲು ಬೇಗ ಮರಳಿ ಬರುತ್ತದೆ. ಅಂದರೆ ಕಳೆದ ವರ್ಷ ಆ ತಂಡ ಮುನ್ನಡೆಯನ್ನು ತೆತ್ತರೂ ಅದಕ್ಕೆ ತಕ್ಕ ಸುರಕ್ಷತೆ ಯಾರಿಗೂ ಸಿಗಲಿಲ್ಲ. ಆದ್ದರಿಂದ ಸೇಫ್ಟಿ ಕಾರ್ಟ್ ಎಂಬುದನ್ನೇ ಬಿಡಿ. ಯಾರೂ ಟ್ರ್ಯಾಕಿಗೆ ಇಳಿಯಬೇಕಿಲ್ಲದಿದ್ದರೆ ಹಳದಿ ಬಾವುಟ ಸಾಕು. ಒಬ್ಬನಾದರೂ ಇಳಿಯಬೇಕಾದರೆ ಕೆಂಪು ಬಾವುಟ ತೋರಿಸಿ, ಎಲ್ಲರನ್ನೂ ಗೆರೆಯ ಬಳಿ ನಿಲ್ಲಿಸಿ, ಗಡಿಯಾರವನ್ನೂ ನಿಲ್ಲಿಸಿ. ನಿಂತ ಕಾರ್ಟ್‌ಗೆ ಪಾನಾ ಹಿಡಿಯುವಂತಿಲ್ಲ, ಇಂಧನ ಹಾಕುವಂತಿಲ್ಲ, ಚಾಲಕ ಬದಲಾಗುವಂತಿಲ್ಲ.

ಮತ್ತೆ ಬಿಡುವಾಗ ನಿಮ್ಮ ಯೋಚನೆಯನ್ನೇ ಬಳಸಿ. ಬಾವುಟಕ್ಕೆ ಮುಂಚೆ ಕೊನೆಯ ಬಾರಿ ಗೆರೆ ದಾಟಿದಾಗ ಇದ್ದ ಅಂತರಕ್ಕೆ ಸರಿಯಾಗಿ, ಸ್ಟಾಪ್‌ವಾಚ್ ಹಿಡಿದು ಒಂದೊಂದೇ ಕಾರ್ಟ್ ಬಿಡಿ: ಮೊದಲನೆಯದು ಹೊರಟ 14 ಸೆಕೆಂಡಿಗೆ ಎರಡನೆಯದು, 19ಕ್ಕೆ ಮೂರನೆಯದು ಎಂಬಂತೆ. ಸುತ್ತು ಹಿಂದೆ ಬಿದ್ದವರ ಸುತ್ತಿನ ಲೆಕ್ಕ ಹಾಗೆಯೇ ಇರಲಿ, ಅವರು ಗೆರೆ ದಾಟಿದ ಸರದಿಯಲ್ಲೇ ಹೊರಡಲಿ. ಫಾರ್ಮುಲಾ ಒನ್‌ನಲ್ಲಿ ಹೀಗೆ ಕಾಯುತ್ತ ನಿಂತರೆ ಟೈರ್ ತಣ್ಣಗಾಗುತ್ತದೆ, ಎಂಜಿನ್ ಬಿಸಿಯಾಗುತ್ತದೆ. ಹತ್ತು ಹನ್ನೆರಡು ಕಾರ್ಟ್‌ಗಳಿಗೆ ಆ ತೊಂದರೆಯಿಲ್ಲ. ಕೊನೆಯ ಹತ್ತು ನಿಮಿಷದೊಳಗೆ ಕೆಂಪು ಬಾವುಟ ಬಂದರೆ ರೇಸ್ ಅಲ್ಲಿಗೇ ಮುಗಿದಂತೆ, ಹಿಂದಿನ ಪೂರ್ಣ ಸುತ್ತಿನ ಕ್ರಮವೇ ಫಲಿತಾಂಶ ಎಂದು ಬರೆಯಿರಿ. ಬಾವುಟ ಎತ್ತುವ ಅಧಿಕಾರ ಯಾವ ತಂಡಕ್ಕೂ ಸೇರದ ಒಬ್ಬರಿಗೆ ಮಾತ್ರ ಇರಲಿ. ಅಂಥವರು ನಿಮ್ಮ ಅಧ್ಯಾಪಕರಲ್ಲಿ ಸಿಗಬಹುದು. ಬೆಳಗಿನ ಸಭೆಯಲ್ಲಿ ಇದನ್ನೆಲ್ಲ ಕನ್ನಡದಲ್ಲೇ ಗಟ್ಟಿಯಾಗಿ ಓದಿ, ಪ್ರತಿ ತಂಡದಿಂದಲೂ ಸಹಿ ಪಡೆಯಿರಿ.

ಇದೆಲ್ಲ ನಡೆಯಬೇಕಾದರೆ ಪ್ರತಿ ಕಾರ್ಟ್ ಗೆರೆ ದಾಟಿದ ಸಮಯ ಸೆಕೆಂಡಿನ ಲೆಕ್ಕದಲ್ಲಿ ಹಾಳೆಯ ಮೇಲೆ ಇರಬೇಕು. ಒಬ್ಬರು ಸಂಖ್ಯೆ ಕೂಗಲು, ಒಬ್ಬರು ಬರೆಯಲು, ಹೀಗೆ ಇಬ್ಬಿಬ್ಬರ ಎರಡು ಜೋಡಿಯನ್ನು ಗೆರೆಯ ಎರಡು ಬದಿಗೆ ಕೂರಿಸಿ. ಹಿಂದಿನ ದಿನ ಅಭ್ಯಾಸದ ಸುತ್ತುಗಳಲ್ಲೇ ಅವರಿಂದ ಒಂದು ಗಂಟೆ ಬರೆಸಿ, ಎರಡು ಹಾಳೆಗಳನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಿ.